ಕ್ಯೋಟೊದಲ್ಲಿ ಕೋಣೆ ಕಾದಿರಿಸುವ ಮೊದಲು

ನವೆಂಬರ್ ಮೂರನೆಯ ವಾರದಲ್ಲಿ ನಾನು, ನನ್ನ ಪತ್ನಿ ಮತ್ತು ಎಪ್ಪತ್ತು ದಾಟಿದ ಅಮ್ಮ ಐದು ದಿನ ಕ್ಯೋಟೊದಲ್ಲಿ ಇದ್ದೆವು. ಮೊದಲ ಎರಡು ದಿನ ನಾವು ಆ ಊರನ್ನು ತಪ್ಪು ರೀತಿಯಲ್ಲಿ ನೋಡಿದೆವು. ಹಣವೂ ಹೋಯಿತು, ಅಮ್ಮನ ಮಂಡಿಯೂ ನೊಂದಿತು. ಉಳಿದ ದಿನಗಳು ಚೆನ್ನಾಗಿ ಕಳೆದವು. ವಯಸ್ಸಾದವರನ್ನು ಜೊತೆಗೆ ಕರೆದುಕೊಂಡು ಹೊರಡುವವರಿಗೆ ನಮ್ಮ ಅನುಭವ ಉಪಯೋಗಕ್ಕೆ ಬರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಕೋಣೆಯ ವಿಷಯ. ನವೆಂಬರ್ ಎಂದರೆ ಅಲ್ಲಿ ಮೇಪಲ್ ಎಲೆಗಳು ಕೆಂಪಾಗುವ ಕಾಲ, ಜಪಾನಿನ ಜನರೇ ಕ್ಯೋಟೊಗೆ ಮುಗಿಬೀಳುವ ಕಾಲ. ಹಳೆಯ ಕಾಲದ ಮರದ ಮನೆಯಲ್ಲಿ ಉಳಿಯಬೇಕೆಂಬ ಆಸೆಯಿಂದ ಗಿಯೋನ್ ಬಡಾವಣೆಗೆ ಹತ್ತಿರದ ಒಂದು ಮನೆಯಲ್ಲಿ ಶುಕ್ರವಾರ ಮತ್ತು ಶನಿವಾರದ ರಾತ್ರಿಗಳಿಗೆ ಕೋಣೆ ಕಾದಿರಿಸಿದ್ದೆ. ವಾರದ ನಡುವೆ 15,000 ಯೆನ್‌ಗೆ ಸಿಗುವ ಅದೇ ಕೋಣೆಗೆ ಶನಿವಾರ 42,000 ಯೆನ್, ಅಂದರೆ ಸುಮಾರು ಇಪ್ಪತ್ತನಾಲ್ಕು ಸಾವಿರ ರೂಪಾಯಿ ಕೊಟ್ಟೆವು. ಚಿತ್ರದಲ್ಲಿ ಕಂಡಿದ್ದ ಪಾಚಿಯ ಪುಟ್ಟ ತೋಟ ಕೆಳಗಿನ ಕೋಣೆಯವರಿಗೆ ಸೇರಿದ್ದು; ನಮ್ಮ ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ. ಅದಕ್ಕಿಂತ ದೊಡ್ಡ ತೊಂದರೆ ಮೆಟ್ಟಿಲುಗಳದ್ದು. ಆ ಹಳೆಯ ಮನೆಯ ಮೆಟ್ಟಿಲುಗಳು ನಮ್ಮ ಅಟ್ಟದ ಏಣಿಯಷ್ಟೇ ಕಡಿದಾಗಿದ್ದವು, ಶೌಚಾಲಯ ಕೆಳಗಡೆ ಇತ್ತು, ಮಲಗುವುದು ನೆಲದ ಮೇಲಿನ ಹಾಸಿಗೆಯಲ್ಲಿ. ರಾತ್ರಿ ಎರಡು ಬಾರಿ ಅಮ್ಮನನ್ನು ಕೈಹಿಡಿದು ಇಳಿಸಿ ಹತ್ತಿಸಬೇಕಾಯಿತು. ಹೊರಡುವ ದಿನ ಸ್ವಚ್ಛತೆಯ ಶುಲ್ಕವೆಂದು ಇನ್ನೂ 6,000 ಯೆನ್ ನಗದಾಗಿ ಕೇಳಿದರು. ಕಾದಿರಿಸುವಾಗ ಆ ಮಾತನ್ನು ಎಲ್ಲಿಯೂ ಬರೆದಿರಲಿಲ್ಲ. ನಗರದ ವಸತಿ ತೆರಿಗೆ ಬೇರೆ. ಅದು 2018ರಿಂದಲೇ ಜಾರಿಯಲ್ಲಿರುವ ನ್ಯಾಯವಾದ ತೆರಿಗೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಮರದ ಮನೆಯಲ್ಲಿ ಉಳಿಯಬಯಸುವವರು ಮೂರು ಪ್ರಶ್ನೆಗಳನ್ನು ಮೊದಲೇ ಬರೆದು ಕೇಳಿ, ಉತ್ತರವನ್ನೂ ಬರಹದಲ್ಲೇ ಪಡೆಯಿರಿ: ಕೋಣೆ ಯಾವ ಅಂತಸ್ತಿನಲ್ಲಿದೆ, ಶೌಚಾಲಯ ಎಲ್ಲಿದೆ, ಕೋಣೆಯ ಬಾಡಿಗೆಯ ಹೊರತಾಗಿ ಇನ್ನೇನು ಕೊಡಬೇಕು.

ಎರಡನೆಯದು ಬಸ್ಸು. ಶನಿವಾರ ಬೆಳಗ್ಗೆ ಹತ್ತು ಗಂಟೆಗೆ ರೈಲು ನಿಲ್ದಾಣದ ಎದುರಿನಿಂದ ಕಿಂಕಾಕುಜಿ ದೇಗುಲಕ್ಕೆ ಹೋಗಲು ಸಾಲಿನಲ್ಲಿ ನಿಂತೆವು. ಮೂರು ಬಸ್ಸುಗಳು ತುಂಬಿ ಹೋದ ಮೇಲೆ ನಾಲ್ಕನೆಯದರಲ್ಲಿ ನಿಲ್ಲಲು ಜಾಗ ಸಿಕ್ಕಿತು. ಅಲ್ಲಿ ಹಿಂಬಾಗಿಲಿನಿಂದ ಹತ್ತಿ, ಮುಂಬಾಗಿಲಿನಲ್ಲಿ ಚಾಲಕನ ಪಕ್ಕದ ಪೆಟ್ಟಿಗೆಗೆ 230 ಯೆನ್ ಹಾಕಿ ಇಳಿಯಬೇಕು. ಕಿಕ್ಕಿರಿದ ಬಸ್ಸಿನಲ್ಲಿ ಹಿಂದಿನಿಂದ ಮುಂದಕ್ಕೆ ಬರುವುದೇ ಒಂದು ಪ್ರಯಾಸ. ದೊಡ್ಡ ಪೆಟ್ಟಿಗೆಗಳನ್ನು ಹಿಡಿದ ಪ್ರವಾಸಿಗರ ನಡುವೆ, ಸಂತೆಯ ಚೀಲ ಹಿಡಿದ ಆ ಊರಿನ ಒಬ್ಬ ಅಜ್ಜಿ ತಮ್ಮ ನಿಲ್ದಾಣದಲ್ಲಿ ಇಳಿಯಲಾಗದೆ ಮುಂದಿನದರಲ್ಲಿ ಇಳಿದರು. ಅದನ್ನು ಕಂಡು ನನಗೆ ನಾಚಿಕೆಯಾಯಿತು. ಒಂದು ಗಂಟೆಗೂ ಹೆಚ್ಚು ಕಾಲ ಅಮ್ಮ ನಿಂತೇ ಇದ್ದರು. ಕಿಂಕಾಕುಜಿಯ ಬಂಗಾರದ ಮಂಟಪ ಸುಂದರವಾಗಿದೆ ಎಂಬುದರಲ್ಲಿ ಸಂಶಯವಿಲ್ಲ. 1950ರಲ್ಲಿ ಒಬ್ಬ ಯುವ ಭಿಕ್ಷು ಬೆಂಕಿ ಹಚ್ಚಿ ಸುಟ್ಟ ಮೇಲೆ 1955ರಲ್ಲಿ ಮತ್ತೆ ಕಟ್ಟಿದ ಮಂಟಪ ಅದು. ಆದರೆ ಒಂದೇ ದಾರಿಯಲ್ಲಿ ಮುಂದೆ ಸಾಗುತ್ತಲೇ ಇರಬೇಕು. ಅರ್ಧ ಗಂಟೆಯಲ್ಲಿ ಹೊರಗಿದ್ದೆವು. ಹೋಗಲೇಬೇಕೆಂದಿದ್ದರೆ ಮೆಟ್ರೋದಲ್ಲಿ ಕಿತಾಓಜಿ ನಿಲ್ದಾಣದವರೆಗೆ ಹೋಗಿ, ಅಲ್ಲಿಂದ ಬಸ್ಸನ್ನೋ ಟ್ಯಾಕ್ಸಿಯನ್ನೋ ಹಿಡಿಯಿರಿ. ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಿ.

ಭಾನುವಾರ ನಾವು ಒತ್ಸು ಎಂಬ ಪಕ್ಕದ ಊರಿಗೆ ಕೋಣೆ ಬದಲಿಸಿದೆವು. ನಮ್ಮ ಪ್ರವಾಸದ ಅತ್ಯುತ್ತಮ ನಿರ್ಧಾರ ಇದೇ. ಕ್ಯೋಟೊ ನಿಲ್ದಾಣದಿಂದ ರೈಲಿನಲ್ಲಿ ಹತ್ತೇ ನಿಮಿಷ, ನಡುವೆ ಯಾಮಾಶಿನಾ ಎಂಬ ಒಂದೇ ನಿಲುಗಡೆ. ಜಪಾನಿನ ಅತಿದೊಡ್ಡ ಸರೋವರವಾದ ಬಿವಾದ ದಡದಲ್ಲಿ, ಲಿಫ್ಟ್ ಮತ್ತು ಮಂಚಗಳಿದ್ದ ಸಾಧಾರಣ ಹೋಟೆಲಿನಲ್ಲಿ, ಮೂರು ರಾತ್ರಿಗಳಿಗೆ ಕೊಟ್ಟ ಹಣ ಆ ಒಂದು ಶನಿವಾರದ ಬಾಡಿಗೆಗಿಂತಲೂ ಕಡಿಮೆ.

ಅಲ್ಲಿಂದ ಮುಂದೆ ನಾವು ಬಸ್ಸನ್ನೇ ಹತ್ತಲಿಲ್ಲ. 794ರಲ್ಲಿ ಕಮ್ಮು ಚಕ್ರವರ್ತಿ ರಾಜಧಾನಿಯಾಗಿ ಕಟ್ಟಿಸಿದ ಕ್ಯೋಟೊದ ಬೀದಿಗಳು ಚದುರಂಗದ ಮಣೆಯಂತೆ ನೇರವಾಗಿವೆ. ಅಡ್ಡ ಬೀದಿಗಳ ಹೆಸರುಗಳಲ್ಲೇ ಸಂಖ್ಯೆ ಅಡಗಿದೆ: ಸಾಂಜೊ ಮೂರನೆಯದು, ಶಿಜೊ ನಾಲ್ಕನೆಯದು, ಗೋಜೊ ಐದನೆಯದು, ಶಿಚಿಜೊ ಏಳನೆಯದು. ದಕ್ಷಿಣಕ್ಕೆ ನಡೆದಂತೆ ಸಂಖ್ಯೆ ಏರುತ್ತದೆ, ಆದ್ದರಿಂದ ದಾರಿ ತಪ್ಪುವ ಭಯವಿಲ್ಲ. ಪೂರ್ವ ಭಾಗದ ಹೆಚ್ಚಿನ ಸ್ಥಳಗಳಿಗೆ ಕಾಮೊ ನದಿಯ ಪಕ್ಕದಲ್ಲಿ ಓಡುವ ಕೇಹಾನ್ ರೈಲು ಸಾಕು. ಕ್ಯೋಟೊ ನಿಲ್ದಾಣಕ್ಕೆ ಅದು ಬರುವುದಿಲ್ಲವಾದ್ದರಿಂದ ಹೊಸಬರಿಗೆ ಅದರ ನೆನಪೇ ಆಗುವುದಿಲ್ಲ. ನಾರಾ ಮಾರ್ಗದ ರೈಲಿನಲ್ಲಿ ಒಂದೇ ನಿಲ್ದಾಣ ಮುಂದೆ ಹೋಗಿ ತೋಫುಕುಜಿಯಲ್ಲಿ ಇಳಿದರೆ, ಅಲ್ಲೇ ಪಕ್ಕದ ಪ್ಲಾಟ್‌ಫಾರ್ಮಿನಲ್ಲಿ ಕೇಹಾನ್ ಸಿಗುತ್ತದೆ. ಈ ಒಂದು ಬದಲಾವಣೆಯನ್ನು ನೆನಪಿಟ್ಟುಕೊಂಡರೆ ಬಸ್ಸಿನ ಸಾಲಿನಲ್ಲಿ ನಿಲ್ಲುವ ಗಂಟೆಗಳು ಉಳಿಯುತ್ತವೆ.

ಶಿಚಿಜೊ ನಿಲ್ದಾಣದಿಂದ ಏಳೆಂಟು ನಿಮಿಷದ ನಡಿಗೆಯಲ್ಲಿ ಸಂಜುಸಂಗೆಂದೊ ಎಂಬ ಬೌದ್ಧ ದೇಗುಲ ಇದೆ. ಕ್ಯೋಟೊದಲ್ಲಿ ಒಂದನ್ನೇ ನೋಡಲು ಸಮಯವಿದ್ದರೆ ಇದನ್ನು ನೋಡಿ ಎಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ. ಸುಮಾರು 120 ಮೀಟರ್ ಉದ್ದದ ಒಂದೇ ಮರದ ಸಭಾಂಗಣ. 1249ರ ಬೆಂಕಿಯಲ್ಲಿ ಮೊದಲಿನದು ಸುಟ್ಟುಹೋಗಿ 1266ರಲ್ಲಿ ಮತ್ತೆ ಕಟ್ಟಿದ್ದು. ಒಳಗೆ ಸಹಸ್ರಭುಜ ಅವಲೋಕಿತೇಶ್ವರನ 1001 ಮೂರ್ತಿಗಳಿವೆ: ನಡುವೆ ಕುಳಿತ ದೊಡ್ಡದೊಂದು, ಎರಡೂ ಕಡೆ ಐನೂರರಂತೆ ಸಾಲುಸಾಲಾಗಿ ನಿಂತವು. ಅವುಗಳ ಮುಂದೆ ಕಾವಲಿಗೆ ನಿಂತಿರುವ ಇಪ್ಪತ್ತೆಂಟು ದೇವತೆಗಳನ್ನು ಕಂಡಾಗ ಅಮ್ಮ ತಾವಾಗಿಯೇ ಕೈಮುಗಿದರು, ಏಕೆಂದರೆ ಅವರಲ್ಲಿ ಹಲವರು ಅವರಿಗೆ ಪರಿಚಯದವರೇ. ಬೊಂತೆನ್ ಎಂದರೆ ಬ್ರಹ್ಮ, ತೈಶಾಕುತೆನ್ ಎಂದರೆ ಇಂದ್ರ, ಕರುರಾ ಎಂದರೆ ಗರುಡ. ರೆಕ್ಕೆಗಳಿರುವ ಆ ಗರುಡ ಇಲ್ಲಿ ಕೊಳಲನ್ನು ಊದುತ್ತಿದ್ದಾನೆ. ಕೋಲು ಹಿಡಿದು ಬಾಗಿ ನಿಂತ, ಎಲುಬು ಎದ್ದು ಕಾಣುವ ವೃದ್ಧ ಋಷಿಯೊಬ್ಬನಿದ್ದಾನೆ. ಜಪಾನಿನವರು ಬಾಸು ಎಂದು ಕರೆಯುವ ಅವನು ವಸು. ಸಾಲಿನ ಎರಡು ತುದಿಗಳಲ್ಲಿ, ಮೋಡದ ಪೀಠಗಳ ಮೇಲೆ, ಗಾಳಿಯ ಚೀಲ ಹೊತ್ತ ವಾಯುದೇವನೂ ಬೆನ್ನ ಹಿಂದೆ ಚಂಡೆಗಳ ಬಳೆಯನ್ನೇ ಹೊತ್ತ ಗುಡುಗಿನ ದೇವನೂ ಇದ್ದಾರೆ. ನಮ್ಮ ದೇವರುಗಳು ಚೀನಾ ದಾಟಿ, ಕಡಲು ದಾಟಿ, ಬೇರೆ ಮುಖ ಬೇರೆ ಉಡುಗೆ ತೊಟ್ಟು ಇಲ್ಲಿ ಏಳುನೂರು ವರ್ಷಗಳಿಗೂ ಹೆಚ್ಚು ಕಾಲದಿಂದ ಪೂಜೆ ಪಡೆಯುತ್ತಿದ್ದಾರೆ. ಅಮ್ಮ ಒಂದೂವರೆ ಗಂಟೆ ಅಲ್ಲಿಂದ ಕದಲಲಿಲ್ಲ.

ಒಳಗೆ ಛಾಯಾಚಿತ್ರ ತೆಗೆಯುವಂತಿಲ್ಲ; ಅಲ್ಲಿನ ಶಾಂತಿಗೆ ಅದೂ ಒಂದು ಕಾರಣವಿರಬೇಕು. ನಮ್ಮ ದೇವಸ್ಥಾನಗಳಂತೆ ಪಾದರಕ್ಷೆಗಳನ್ನು ಹೊರಗೆ ಬಿಡಬೇಕು, ಮತ್ತು ನವೆಂಬರಿನ ಆ ಮರದ ನೆಲ ಕಾಲು ಕೊರೆಯುವಷ್ಟು ತಣ್ಣಗಿರುತ್ತದೆ. ದಪ್ಪ ಉಣ್ಣೆಯ ಕಾಲುಚೀಲಗಳನ್ನು ಮರೆಯದೆ ಒಯ್ಯಿರಿ. ನವೆಂಬರ್ 16ರಿಂದ ಚಳಿಗಾಲದ ವೇಳೆ ಶುರುವಾಗುತ್ತದೆ, ಬೆಳಗ್ಗೆ ಒಂಬತ್ತಕ್ಕೆ ತೆರೆದು ನಾಲ್ಕಕ್ಕೆ ಮುಚ್ಚುತ್ತಾರೆ.

ನಮ್ಮ ದೇವರುಗಳನ್ನು ಮತ್ತೆ ಕಾಣುವ ಆಸೆಯಿಂದ ಮರುದಿನ ತೋಜಿ ದೇಗುಲಕ್ಕೆ ಹೋದೆವು. ಕ್ಯೋಟೊ ನಿಲ್ದಾಣದಿಂದ ನೈಋತ್ಯಕ್ಕೆ ಕಾಲುಗಂಟೆಯ ನಡಿಗೆ. ಎಲ್ಲರೂ ಅಲ್ಲಿನ ಐದು ಅಂತಸ್ತಿನ ಗೋಪುರವನ್ನು ನೋಡಲು ಬರುತ್ತಾರೆ. ಸುಮಾರು 55 ಮೀಟರ್ ಎತ್ತರದ, 1644ರಲ್ಲಿ ಮತ್ತೆ ಕಟ್ಟಿದ ಆ ಗೋಪುರ ಜಪಾನಿನ ಹಳೆಯ ಮರದ ಗೋಪುರಗಳಲ್ಲೇ ಅತಿ ಎತ್ತರದ್ದು. ಆದರೆ ನೀವು ಟಿಕೆಟ್ ಕೊಂಡು ಕೋದೋ ಎಂಬ ಉಪನ್ಯಾಸ ಮಂದಿರದ ಒಳಗೆ ಹೋಗಲೇಬೇಕು. ಒಂಬತ್ತನೆಯ ಶತಮಾನದ ಆಚಾರ್ಯ ಕೂಕಾಯ್ ಕಲ್ಪಿಸಿದಂತೆ ಇಪ್ಪತ್ತೊಂದು ಮೂರ್ತಿಗಳನ್ನು ಅಲ್ಲಿ ಮಂಡಲದ ಆಕಾರದಲ್ಲಿ ಇರಿಸಿದ್ದಾರೆ. ಒಂದು ತುದಿಯಲ್ಲಿ ನಾಲ್ಕು ಹಂಸಗಳ ಮೇಲೆ ಕುಳಿತ ಚತುರ್ಮುಖ ಬ್ರಹ್ಮ, ಇನ್ನೊಂದು ತುದಿಯಲ್ಲಿ ಆನೆಯೇರಿದ ಇಂದ್ರ. ಇಂದ್ರನ ಮುಖ ಎಷ್ಟು ಸೌಮ್ಯವಾಗಿದೆಯೆಂದರೆ ಹೊರಟವರು ಮತ್ತೆ ತಿರುಗಿ ನೋಡುತ್ತೀರಿ. ಪ್ರತಿ ತಿಂಗಳ 21ರಂದು ಅಂಗಳದಲ್ಲಿ ದೊಡ್ಡ ಸಂತೆ ನಡೆಯುತ್ತದೆ. ಹಳೆಯ ಬಟ್ಟೆ, ಪಿಂಗಾಣಿ ಕೊಳ್ಳುವ ಆಸೆಯಿದ್ದರೆ ಆ ದಿನ ಹೋಗಿ, ಮೂರ್ತಿಗಳ ಎದುರು ಸುಮ್ಮನೆ ಕೂರುವ ಆಸೆಯಿದ್ದರೆ ಬೇರೆ ದಿನ.

ಕಿಯೊಮಿಜು ದೇಗುಲವನ್ನು ಮಾತ್ರ ಆ ದುಬಾರಿ ಕೋಣೆಯಿದ್ದಾಗಲೇ ನೋಡಿದೆವು. ಆ ಕೋಣೆಯ ಏಕೈಕ ಲಾಭವೆಂದರೆ ದೇಗುಲಕ್ಕೆ ಹತ್ತಿರವಿದ್ದದ್ದು. ಬೆಳಗ್ಗೆ ಆರಕ್ಕೇ ಬಾಗಿಲು ತೆರೆಯುತ್ತಾರೆ. 1633ರಲ್ಲಿ ಕಟ್ಟಿದ ಮುಖ್ಯ ಮಂದಿರದ ಎದುರಿನ, ಕಣಿವೆಯಿಂದ 13 ಮೀಟರ್ ಎತ್ತರದಲ್ಲಿ ಮೊಳೆಯಿಲ್ಲದೆ ಜೋಡಿಸಿದ ಮರದ ಜಗಲಿಯ ಮೇಲೆ ನಾವು ನಿಂತಾಗ ಇನ್ನೂ ಮಸುಕು ಬೆಳಕು, ಸುತ್ತ ಹತ್ತಿಪ್ಪತ್ತು ಜನ. ಎಂಟೂವರೆಗೆ ಕೆಳಗಿಳಿಯುವಾಗ ಶಾಲಾ ಮಕ್ಕಳ, ಪ್ರವಾಸಿ ತಂಡಗಳ ಹೊಳೆಯೇ ಎದುರಾಯಿತು. ಏರುದಾರಿ ಕಡಿದಾಗಿರುವುದರಿಂದ ವಯಸ್ಸಾದವರಿಗೆ ಟ್ಯಾಕ್ಸಿ ಒಳ್ಳೆಯದು.

ಫುಶಿಮಿ ಇನಾರಿ ಮಂದಿರಕ್ಕೆ ಇದಕ್ಕೆ ವಿರುದ್ಧವಾಗಿ ಸಂಜೆ ಹೋಗಿ. ಅಲ್ಲಿ ಟಿಕೆಟ್ ಇಲ್ಲ, ಇಡೀ ರಾತ್ರಿ ತೆರೆದಿರುತ್ತದೆ. ಕೆಂಪು ತೋರಣಗಂಬಗಳ ಸಾಲು 233 ಮೀಟರ್ ಎತ್ತರದ ಬೆಟ್ಟದ ತುದಿಯವರೆಗೂ ಹೋಗುತ್ತದೆ, ಆದರೆ ಬಹುತೇಕರು ಮೊದಲ ನೂರಿನ್ನೂರು ಗಂಬಗಳಲ್ಲೇ ಚಿತ್ರ ತೆಗೆಸಿಕೊಂಡು ಹಿಂದಿರುಗುತ್ತಾರೆ. ಅರ್ಧ ಬೆಟ್ಟದ ಯೋತ್ಸುತ್ಸುಜಿ ಕೂಡುದಾರಿಯವರೆಗೆ ಹತ್ತಿದರೆ ಕ್ಯೋಟೊ ಕೆಳಗೆ ಕಾಣುತ್ತದೆ.

ಮಾರ್ಗದರ್ಶಿಗಳು ಅಷ್ಟಾಗಿ ಹೇಳದ ಒಂದು ಜಾಗವನ್ನು ನಾನು ಸೇರಿಸಲೇಬೇಕು. ಮೆಟ್ರೋದ ಕೆಆಗೆ ನಿಲ್ದಾಣದಲ್ಲಿ ಇಳಿದು ನಂಜೆಂಜಿ ದೇಗುಲದ ಅಂಗಳಕ್ಕೆ ಹೋದರೆ, ಮರಗಳ ನಡುವೆ ಕೆಂಪು ಇಟ್ಟಿಗೆಯ ಕಮಾನುಗಳ ಮೇಲೆ ಒಂದು ಕಾಲುವೆ ಹರಿಯುತ್ತದೆ. ಚಕ್ರವರ್ತಿ ಟೋಕಿಯೊಗೆ ಹೋದ ಮೇಲೆ ಸೊರಗಿದ ಊರನ್ನು ಎತ್ತಿ ನಿಲ್ಲಿಸಲು ಬಿವಾ ಸರೋವರದ ನೀರನ್ನು ಬೆಟ್ಟ ಕೊರೆದು ತಂದರು. 1890ರಲ್ಲಿ ಕಾಲುವೆ ಮುಗಿಯಿತು. ಮರುವರ್ಷ ಅದೇ ನೀರಿನಿಂದ ಕೆಆಗೆಯಲ್ಲಿ ವಿದ್ಯುತ್ ಹುಟ್ಟಿತು, 1895ರಲ್ಲಿ ಜಪಾನಿನ ಮೊದಲ ವಿದ್ಯುತ್ ಟ್ರಾಮ್ ಈ ಊರಿನಲ್ಲೇ ಓಡಿತು. ಶಿವನಸಮುದ್ರದಿಂದ ಕೋಲಾರದ ಗಣಿಗಳಿಗೆ 1902ರಲ್ಲಿ ವಿದ್ಯುತ್ ಹರಿದ ನಾಡಿನಿಂದ ಬಂದ ನನಗೆ ಆ ಇಟ್ಟಿಗೆಯ ಕಮಾನುಗಳ ಕೆಳಗೆ ನಿಂತಾಗ ಮನಸ್ಸು ತುಂಬಿ ಬಂತು. ಹತ್ತಿರದ ಕಾಲುವೆ ವಸ್ತುಸಂಗ್ರಹಾಲಯಕ್ಕೆ ಪ್ರವೇಶ ಉಚಿತ.

ಇನ್ನು ಊಟ. ಸಸ್ಯಾಹಾರಿಗಳಿಗೆ ಕ್ಯೋಟೊದಲ್ಲಿ ತೊಂದರೆ ಕೊಡುವುದು ಕಣ್ಣಿಗೆ ಕಾಣದ ಮೀನು. ಒಣಗಿಸಿ ಹೆರೆದ ಬೊನಿಟೊ ಮೀನಿನ ಸಾರು, ಅವರು ದಾಶಿ ಎನ್ನುವುದು, ತರಕಾರಿ ಪಲ್ಯಕ್ಕೂ ಉದೊನ್ ಎಂಬ ದಪ್ಪ ಶ್ಯಾವಿಗೆಗೂ ಬೀಳುತ್ತದೆ. ನಾವು ಸಸ್ಯಾಹಾರಿಗಳು ಎಂದರೆ ಮಾಂಸವನ್ನು ತೆಗೆದು ಅದೇ ಸಾರಿನಲ್ಲಿ ಬೇಯಿಸಿ ತಂದುಕೊಡುತ್ತಾರೆ, ಅದರಲ್ಲಿ ಕಪಟವೇನೂ ಇಲ್ಲ. ಆದ್ದರಿಂದ ಮಾಂಸ, ಮೀನು, ಮೊಟ್ಟೆ ಮತ್ತು ಮೀನಿನ ದಾಶಿ ಬೇಡ, ಕೊಂಬು ಕಡಲಪಾಚಿಯ ದಾಶಿ ಆಗಬಹುದು ಎಂದು ಜಪಾನಿ ಭಾಷೆಯಲ್ಲಿ ಬರೆಸಿದ ಚೀಟಿಯನ್ನು ಇಟ್ಟುಕೊಳ್ಳಿ.

ಆ ಚೀಟಿಯನ್ನು ಹಿಡಿದೇ ನಾವು ಶಿಚಿಜೊ ಬೀದಿಯಿಂದ ಒಳಗೆ ಹೋಗುವ ಓಣಿಯೊಂದರ ಪುಟ್ಟ ಊಟದ ಮನೆಗೆ ಹೊಕ್ಕೆವು. ಆರೇ ಆಸನ, ಒಬ್ಬರೇ ಹಿರಿಯ ಹೆಂಗಸು. ಕ್ಯೋಟೊದ ಮನೆಯೂಟವಾದ ಒಬಾನ್ಜಾಯ್ ಮಾತ್ರ ಅಲ್ಲಿ ಸಿಗುತ್ತದೆ. ಅವರು ಚೀಟಿಯನ್ನು ಎರಡು ಸಲ ಓದಿ, ಅಮ್ಮನ ಮುಖ ನೋಡಿ, ಇಪ್ಪತ್ತು ನಿಮಿಷ ಕಾಯುವಂತೆ ಕೈಸನ್ನೆ ಮಾಡಿದರು; ಮಾಡಿಟ್ಟಿದ್ದ ಸಾರನ್ನು ಬದಿಗಿಟ್ಟು, ನಮಗಾಗಿ ಕೊಂಬು ಹಾಕಿದ ನೀರನ್ನು ಹೊಸದಾಗಿ ಒಲೆಗೇರಿಸಿದರು. ಆಮೇಲೆ ಬಂದದ್ದು ಹಬೆಯಾಡುವ ಅನ್ನ, ಮಿಸೊ ಸಾರು, ಕೆಂಡದ ಮೇಲೆ ಸುಟ್ಟು ಹಸಿಶುಂಠಿ ತುರಿದು ಹಾಕಿದ ಕರಿದ ತೋಫು, ಕಡಲಪಾಚಿಯೊಂದಿಗೆ ಬೇಯಿಸಿದ ಸೋಯಾ ಕಾಳು, ಯುಬಾ ಎಂಬ ಸೋಯಾ ಹಾಲಿನ ಕೆನೆ, ಅಕ್ಕಿಯ ತೌಡಿನಲ್ಲಿ ಹುದುಗಿಸಿದ ಮೂಲಂಗಿ, ಕೆಂಪು ಶಿಸೊ ಎಲೆಯೊಂದಿಗೆ ಉಪ್ಪಿನಲ್ಲಿ ಹಾಕಿದ ಬದನೆ. ಖಾರವಿಲ್ಲ, ಒಗ್ಗರಣೆಯಿಲ್ಲ, ಆದರೂ ಪ್ರತಿಯೊಂದಕ್ಕೂ ಬೇರೆಯೇ ರುಚಿ. ಪರದೇಶದಲ್ಲಿ ಅವಲಕ್ಕಿಯ ಡಬ್ಬಿಯನ್ನೇ ನಂಬಿದ್ದ ಅಮ್ಮ ಎರಡನೆಯ ಸಲ ಅನ್ನ ಹಾಕಿಸಿಕೊಂಡರು. ಒಬ್ಬರಿಗೆ 900 ಯೆನ್. ಹೆಚ್ಚು ಕೊಡಲು ಹೋದರೆ ಚಿಲ್ಲರೆಯನ್ನು ಎಣಿಸಿ ನನ್ನ ಕೈಗೇ ಇಟ್ಟರು.

ನಾವು ಮೂರು ದಿನ ಅಲ್ಲೇ ಉಂಡೆವು. ಕಾರ್ಡ್ ನಡೆಯುವುದಿಲ್ಲ, ಬಾಗಿಲಿಗೆ ನೀಲಿ ಬಟ್ಟೆಯ ಪರದೆ ಇಳಿಬಿಟ್ಟಿದ್ದರೆ ಊಟ ಉಂಟೆಂದು ಅರ್ಥ. ಅಂತಹ ಮನೆಗಳು ಸಂಜುಸಂಗೆಂದೊ ಸುತ್ತಲಿನ ಓಣಿಗಳಲ್ಲಿ ಇನ್ನೂ ಇವೆ. ಮಧ್ಯಾಹ್ನ ಒಂದು ಗಂಟೆಯೊಳಗೆ ಹೋಗಿ, ಅನ್ನ ಮುಗಿದೊಡನೆ ಪರದೆಯನ್ನು ಒಳಗೆ ತೆಗೆದುಕೊಳ್ಳುತ್ತಾರೆ.