ಗ್ರಾಫ್ ಹಾಳೆಯ ಮೇಷ್ಟ್ರು

ಈ ವರ್ಷದ ವಾರ್ಷಿಕೋತ್ಸವಕ್ಕೆ ಯಾವ ಹಾಡು ಎಂದು ಕೇಳಿದರೆ ನಮ್ಮ ಕನ್ನಡ ಮೇಷ್ಟ್ರು, "ಹಾಡಿರಲಿ, ಮೊದಲು ಗ್ರಾಫ್ ಹಾಳೆ ತನ್ನಿ" ಎನ್ನುತ್ತಿದ್ದರು. ಎಡಗಡೆ ಕೆಳಗಿನವರೆಗೆ ಮಕ್ಕಳ ಹೆಸರು. ಮೇಲುಗಡೆ ಸಾಲಾಗಿ ಹಾಡು, ದೃಶ್ಯಗಳ ಕ್ರಮಸಂಖ್ಯೆ. ಯಾರು ಯಾವುದರಲ್ಲಿದ್ದಾರೋ ಆ ಚೌಕದಲ್ಲಿ ಪೆನ್ಸಿಲ್ ಗೀಟು. ಒಂದೇ ಹೆಸರಿನ ಮುಂದೆ ಪಕ್ಕಪಕ್ಕದ ಚೌಕಗಳಲ್ಲಿ ಗೀಟು ಬಿತ್ತೋ, ಕ್ರಮ ಬದಲಾಗಲೇಬೇಕು. ಲಂಗ ಬಿಚ್ಚಿ ಕಚ್ಚೆ ಕಟ್ಟುವುದಕ್ಕೆ ಮೂರು ನಿಮಿಷವಾದರೂ ಹಿಡಿಯುತ್ತದೆ, ಅದೂ ಪಿನ್ನು ಹಿಡಿದು ಒಬ್ಬರು ಕಾದು ನಿಂತಿದ್ದರೆ. ಮೇಷ್ಟ್ರು ತೀರಿಕೊಂಡ ಮೇಲೆ ಸಂಚಿಕೆಗೆ ಬರೆಯಿರಿ ಎಂದು ಶಾಲೆಯವರು ಕೇಳಿದರು. ಅವರು ಪಾಠ ಮಾಡಿದ ಹಳಗನ್ನಡ ಪದ್ಯಗಳಲ್ಲಿ ಒಂದೂ ಪೂರ್ತಿ ನೆನಪಿಗೆ ಬರುವುದಿಲ್ಲ. ಆ ಹಾಳೆ ಮಾತ್ರ ಗೀಟುಗಳ ಸಮೇತ ನೆನಪಿದೆ.

ಬಿಡಿ ಹಾಡು, ಬಿಡಿ ದೃಶ್ಯಗಳನ್ನು ಕಟ್ಟಿ ಹಿಡಿಯಲು ಒಂದು ದಾರ ಬೇಕು. ಅವರು ಆರಿಸಿದ್ದು ಬಸವನಗುಡಿಯ ಕಡಲೆಕಾಯಿ ಪರಿಷೆ. ಕಾರ್ತಿಕದ ಕೊನೆಯ ಸೋಮವಾರ ಪರಿಷೆ, ಡಿಸೆಂಬರಿನಲ್ಲಿ ನಮ್ಮ ಉತ್ಸವ. ನೋಡಿದ್ದು ಇನ್ನೂ ಮಕ್ಕಳ ಕಣ್ಣಲ್ಲಿರುತ್ತದೆ. ಬಳೆಗಾರ ಬಂದರೆ ಬಳೆಯ ಹಾಡು, ಕೋಲೆ ಬಸವ ಬಂದರೆ ವಾಲಗ, ಕಣಿ ಹೇಳುವವಳು ಬಂದರೆ ಪರೀಕ್ಷೆಯ ಫಲಿತಾಂಶದ ತಮಾಷೆ. ಯಾವುದನ್ನು ಕೈಬಿಟ್ಟರೂ ಕತೆ ಕೆಡದು. ಹಿಂದಿನ ದಿನ ಯಾರಿಗಾದರೂ ಜ್ವರ ಬರುವುದು ಖಂಡಿತ, ಅದಕ್ಕೇ ಈ ಏರ್ಪಾಡು. ಕೊಂಡಿಗೆ ಇಬ್ಬರು ಕಡಲೆಕಾಯಿ ವ್ಯಾಪಾರಿಗಳು, ಪರದೆಯ ಮುಂದೆಯೇ ಅವರ ಜಗಳ. ಕಂಪನಿ ನಾಟಕದವರ ಉಪಾಯವಿದು: ಮುಂದೆ ರಸ್ತೆ ಪರದೆ ಇಳಿಬಿಟ್ಟು ಹಾಸ್ಯ ನಡೆಸುತ್ತಿದ್ದರೆ ಹಿಂದೆ ದರ್ಬಾರು ಸಜ್ಜಾಗಿರುತ್ತಿತ್ತು. ರವೀಂದ್ರ ಕಲಾಕ್ಷೇತ್ರಕ್ಕೆ ನಾಟಕ ತೋರಿಸಲು ಕರೆದುಕೊಂಡು ಹೋದಾಗಲೂ ಮೇಷ್ಟ್ರು ಹೇಳುತ್ತಿದ್ದುದು, "ನಟರನ್ನು ಎಲ್ಲರೂ ನೋಡ್ತಾರೆ ಕಣ್ರೋ, ದೀಪ ಆರಿದಾಗ ಕುರ್ಚಿ ಎತ್ತೋದು ಯಾರು ಅಂತ ನೋಡಿ."

ಲೆಕ್ಕ ಹೀಗೆ: ಒಟ್ಟು 75 ನಿಮಿಷ. ಮೂರು ಮೂರು ನಿಮಿಷದ 9 ಹಾಡು, ಐದೈದು ನಿಮಿಷದ 6 ದೃಶ್ಯ, ಸೇರಿ 57. ಒಳಗೆ ಬಂದು ಹೊರಗೆ ಹೋಗುವುದಕ್ಕೆ ಒಂದೊಂದಕ್ಕೂ ಅರ್ಧ ನಿಮಿಷ. ಮಿಕ್ಕ ಹತ್ತು ಚಿಲ್ಲರೆ ನಿಮಿಷವನ್ನು ಯಾರು ಕೇಳಿದರೂ ಕೊಡುತ್ತಿರಲಿಲ್ಲ. ತಾಲೀಮಿನಲ್ಲಿ ಐದು ನಿಮಿಷದ ಹಾಸ್ಯ ವೇದಿಕೆಯ ಮೇಲೆ ಏಳಾಗುತ್ತದೆ, ಜನ ನಕ್ಕಾಗ ಮಾತು ನಿಲ್ಲಿಸಬೇಕಲ್ಲ! ನಗು ಇಳಿಯುವ ಮುಂಚೆ ಮುಂದಿನ ಮಾತು ಆಡಿದರೆ ಎರಡೂ ಹಾಳು.

ಸಂಗೀತದ ಮಿಸ್ ಇನ್ನೊಂದೇ ಬಗೆ. ಅವರು ಹಾಡಿಗಿಂತ ಮೊದಲು ಗಂಟಲು ನೋಡುತ್ತಿದ್ದರು. ಐದು, ಆರನೇ ತರಗತಿಯವರಿಗೆ ಐದು ಅಥವಾ ಐದೂವರೆ ಮನೆ ಶ್ರುತಿ (ಮನೆ ಎಂದರೆ ಹಾರ್ಮೋನಿಯಂನ ಕೀಲಿ; ಸಂಖ್ಯೆ ಏರಿದಷ್ಟೂ ಶ್ರುತಿ ಎತ್ತರ). ಒಂಬತ್ತನೇ ತರಗತಿಯ ಹುಡುಗರಿಗೆ ದನಿ ಒಡೆದಿರುತ್ತದೆ. ಅದೇ ಶ್ರುತಿಯಲ್ಲಿ ಮೇಲೆ ಹೋದರೆ ಕೀರಲು, ಕೆಳಗಿಳಿದರೆ ಬರೀ ಗೊರಗೊರ. ಅವರಿಗೆ ಒಂದೂವರೆ, ಎರಡು ಮನೆಯಲ್ಲಿ ಪ್ರತ್ಯೇಕ ಚರಣ. ಹಾಡಿನ ನಡುವೆ ಶ್ರುತಿ ಬದಲಾದದ್ದು ಕಿವಿಗೆ ಚುಚ್ಚದ ಹಾಗೆ ಮಧ್ಯದಲ್ಲಿ ತಾಳದ ಎರಡು ಸುತ್ತು ತಮಟೆ, ಇಲ್ಲವೇ ಒಂದು ಮಾತು. ಹುಡುಗರನ್ನು ಸುಮ್ಮನೆ ಬಾಯಾಡಿಸಿ ಎಂದು ಹಿಂದೆ ನಿಲ್ಲಿಸುವ ಪದ್ಧತಿ ಅವರಲ್ಲಿರಲಿಲ್ಲ.

ಆ ಹುಡುಗರಲ್ಲೇ ಇಬ್ಬರು ತಾಲೀಮಿಗೆ ಮುಂಚೆ ಹಾರ್ಮೋನಿಯಂನ ಎರಡು ಕೀಲಿಗಳ ಸಂದಿಗೆ ಮಡಿಸಿದ ಬಸ್ ಟಿಕೆಟ್ ತುರುಕಿದರು. ಒತ್ತಿದ ಕೀಲಿ ಮೇಲೇಳದೆ, ತಿದಿ ಒತ್ತಿದಷ್ಟು ಹೊತ್ತೂ ಒಂದೇ ಸ್ವರ ಕೊರೆಯತೊಡಗಿತು. ಮಿಸ್ ಹೇರ್‌ಪಿನ್ನಿನಿಂದ ಟಿಕೆಟ್ ಎಳೆದು, ಅದರ ಮೇಲಿನ ದರ ಓದಿ, ಆ ದರದ ದೂರದಿಂದ ಬರುವವರು ಯಾರೆಂದು ಹಾಜರಿ ಪುಸ್ತಕ ನೋಡಿದರು. ಸಿಕ್ಕಿಬಿದ್ದವರಿಗೆ ಮೇಷ್ಟ್ರು ಕೊಟ್ಟ ಶಿಕ್ಷೆ ಪರಿಕರಗಳ ಮೇಜು: ಮೇಜಿಗೆ ಕಂದು ಕಾಗದ ಹೊದಿಸಿ ತಕ್ಕಡಿ, ಸೇರು, ಬಳೆಮಲಾರ, ಕೋಲುಗಳನ್ನು ಇಟ್ಟು ಸುತ್ತ ಗೀಟು ಎಳೆಯುವುದು. ಯಾವ ಗೀಟಿನೊಳಗೆ ವಸ್ತು ಇಲ್ಲವೋ ಅದನ್ನು ಪರದೆ ಏಳುವ ಮೊದಲು ಹುಡುಕಬೇಕು. ಆ ಸಲ ಒಂದು ಕೋಲೂ ಕಳೆಯಲಿಲ್ಲ. ಆ ಇಬ್ಬರಲ್ಲಿ ಒಬ್ಬರು ಈಗ ದೊಡ್ಡ ಗೋದಾಮು ನಡೆಸುತ್ತಾರೆ. ನಮ್ಮ ಬ್ಯಾಚಿನವರು ಎಂದು ಹೇಳಿಕೊಳ್ಳಲು ಸಂಕೋಚವೇನಿಲ್ಲ.

ಬಯಲಿನ ವೇದಿಕೆಯ ತೊಂದರೆಗಳೇ ಬೇರೆ. ಸಂಜೆಯ ಮಂಜಿಗೆ ತಬಲಾದ ಚರ್ಮ ಸಡಿಲವಾಗಿ ಶ್ರುತಿ ಇಳಿಯುತ್ತದೆ, ಹಾರ್ಮೋನಿಯಂ ಇಳಿಯುವುದಿಲ್ಲ. ಎರಡು ಹಾಡಿಗೊಮ್ಮೆ ತಬಲಾ ಬಿಗಿಯಲು ಸುತ್ತಿಗೆ ಕೈಗೆತ್ತಿಕೊಳ್ಳದಿದ್ದರೆ ಕೊನೆಯ ಹಾಡಿನ ಹೊತ್ತಿಗೆ ತಬಲಾ ಒಂದು ಊರು, ಹಾರ್ಮೋನಿಯಂ ಒಂದು ಊರು. ಹಲಗೆಯ ವೇದಿಕೆಯಲ್ಲಿ ಕೋಲಾಟದ ಹೆಜ್ಜೆ ಮೈಕಿನ ಕಂಬಕ್ಕೆ ಏರಿ ಧಡಧಡ ಎನ್ನುತ್ತದೆ; ಕಂಬದ ಕೆಳಗೆ ಗೋಣಿ ಮಡಿಸಿ ಹಾಕಬೇಕು. ಸ್ಪೀಕರು ಮೈಕಿಗಿಂತ ಮುಂದಿರಬೇಕು, ಹಿಂದಿದ್ದರೆ ಮೈಕು ಕೀ ಎಂದು ಕೂಗುವುದು ತಪ್ಪದು. ಮೇಳದಲ್ಲಿ ಗಟ್ಟಿ ದನಿಯವರು ಹಿಂದಿನ ಸಾಲಿಗೆ, ಎಷ್ಟು ಕುಳ್ಳಗಿದ್ದರೂ, ಬೆಂಚು ಹಾಕಿದರಾಯಿತು. ಹಸಿರು ಲಂಗದ ಮೇಲೆ ಕೆಂಪು ದೀಪ ಬಿಟ್ಟರೆ ಲಂಗ ಕಪ್ಪಾಗಿ ಕಾಣುತ್ತದೆ. ಚಿಕ್ಕಪೇಟೆಯಲ್ಲಿ ಬಟ್ಟೆ ಕೊಳ್ಳುವ ಮೊದಲೇ ದೀಪದವರನ್ನು ಕೇಳಬೇಕು.

ಈಗ ಎಷ್ಟೋ ಶಾಲೆಗಳು ಈ ಕೆಲಸವನ್ನು ಗುತ್ತಿಗೆಗೆ ಕೊಡುತ್ತವೆ. ಎಲ್‌ಇಡಿ ಪರದೆ ಬರುತ್ತದೆ, ನೃತ್ಯ ಕಲಿಸುವವರು ಬರುತ್ತಾರೆ, ಹಾಡು ಪೆನ್‌ಡ್ರೈವಿನಲ್ಲಿ ಬರುತ್ತದೆ. ಟ್ರ್ಯಾಕಿನ ಶ್ರುತಿ ಬದಲಿಸುವ ಆ್ಯಪ್ ಇದೆ, ಒಪ್ಪಿದೆ. ಆದರೆ ಮಗು ಒಂದು ಸಾಲು ಮರೆತರೆ ಟ್ರ್ಯಾಕ್ ಕಾಯುವುದಿಲ್ಲ, ಹಾರ್ಮೋನಿಯಂ ಕಾಯುತ್ತದೆ. ಶಾಲೆಯಲ್ಲೇ ಮಾಡಲು ಹೊರಡುವ ಮೇಷ್ಟ್ರು, ಮಿಸ್‌ಗಳು ಇನ್ನೂ ಇದ್ದಾರೆ, ಅವರಿಗಾಗಿ ಹಾಳೆಯ ಇನ್ನೂ ಕೆಲವು ಗುಟ್ಟು. ಒಂದನೇ ತರಗತಿಯವರನ್ನು ಎರಡನೇ ಸರದಿಗೆ ಹಾಕಿ, ಏಳೂವರೆಗೆ ಅವರು ನಿದ್ದೆ ಹೋಗುತ್ತಾರೆ. ತಮ್ಮ ಮಗು ಕುಣಿದ ತಕ್ಷಣ ತಂದೆತಾಯಿ ಎದ್ದು ಹೋಗುತ್ತಾರೆ. ಆದ್ದರಿಂದ ಕೊನೆಯ ಹಾಡಿಗೆ ಎಲ್ಲ ತರಗತಿಯಿಂದಲೂ ನಾಲ್ಕು ನಾಲ್ಕು ಮಕ್ಕಳು, ಮತ್ತು ಯಾವ ನಾಲ್ವರು ಎಂಬುದು ಅಂದಿನವರೆಗೂ ಮನೆಯವರಿಗೆ ತಿಳಿಯಬಾರದು. ಬಹುಮಾನ, ಭಾಷಣ, ವಂದನಾರ್ಪಣೆ ಎಲ್ಲವೂ ಮೊದಲ ಹಾಡಿಗೆ ಮುಂಚೆಯೇ ಮುಗಿಯಲಿ. ಹತ್ತು ಗಂಟೆಯ ಮೇಲೆ ಧ್ವನಿವರ್ಧಕ ಹಾಕುವಂತಿಲ್ಲ. 2000ದ ಶಬ್ದಮಾಲಿನ್ಯ ನಿಯಮ ಬರುವುದಕ್ಕೆ ಎಷ್ಟೋ ವರ್ಷ ಮುಂಚೆಯೇ ನಮ್ಮ ಮೇಷ್ಟ್ರು ಎಂಟೂವರೆಗೆ ಶಾಮಿಯಾನದವನಿಗೆ ಹಗ್ಗ ಬಿಚ್ಚಲು ಹೇಳಿರುತ್ತಿದ್ದರು.