ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ

ಮೊದಲ ದಿನ ತಲುಪಿದ್ದು ಮಧ್ಯಾಹ್ನ. ‘ಸಂಜೆವರೆಗೂ ವ್ಯಾಪಾರ ಇರುತ್ತೆ’ ಎಂದು ಚಿಕ್ಕಬಳ್ಳಾಪುರದ ಬಸ್ಸಿನಲ್ಲಿ ಯಾರೋ ಹೇಳಿದ್ದನ್ನು ನಂಬಿದ್ದೆ. ಇಲ್ಲಿ ನೋಡಿದರೆ ನೆಲ ಗುಡಿಸುತ್ತಿದ್ದರು. ರೇಷ್ಮೆಗೂಡಿನ ಹರಾಜು ನೋಡಬೇಕೆನ್ನುವವರು ತಿಂಡಿಗೂ ಕಾಯದೆ ಬೆಳಗ್ಗೆಯೇ ಹೋಗಿ. ಹಿಂದಿನ ದಿನದ ನಂದಿಬೆಟ್ಟ, ಭೋಗನಂದೀಶ್ವರನ ಗುಡಿಯ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ನನ್ನ ಮನಸ್ಸು ನಿಂತಿದ್ದು ಈ ಮಾರುಕಟ್ಟೆಯಲ್ಲಿ.

ಮಾರನೆಯ ದಿನ ಒಳಗೆ ಕಾಲಿಟ್ಟ ಕೂಡಲೇ ಹುಳುವಿನ ಹಸಿ ವಾಸನೆ. ಸಾಲುಸಾಲು ಜಾಲರಿಗಳ ತುಂಬ ಗೂಡು: ಮಿಶ್ರತಳಿಯದ್ದು ಹಸಿರು ಬೆರೆತ ಹಳದಿ, ದ್ವಿತಳಿ, ಅಂದರೆ ವರ್ಷಕ್ಕೆ ಎರಡು ಪೀಳಿಗೆ ಕಾಣುವ ಹುಳುವಿನದ್ದು, ಅಚ್ಚ ಬಿಳಿ. ಬೆಂಗಳೂರಿನಲ್ಲಿ 1927ರಲ್ಲಿ ಕಟ್ಟಿದ ರಸೆಲ್ ಮಾರುಕಟ್ಟೆಯ ಮುಖಭಾಗ ನೋಡಿ ಬೆಳೆದ ನನಗೆ ಈ ಕಟ್ಟಡ ಮೊದಲು ಬರಿಯ ಗೋದಾಮಿನಂತೆ ಕಂಡಿತು. ಕಮಾನಿಲ್ಲ, ಕೆತ್ತನೆಯಿಲ್ಲ, ಎತ್ತರದ ಸೂರು ಮಾತ್ರ.

ಜಾಲರಿಯ ಪಕ್ಕ ಕೂತಿದ್ದ ರೈತ ಮಹಿಳೆಯೊಬ್ಬರು ಗೂಡೊಂದನ್ನು ನನ್ನ ಕೈಗಿಟ್ಟರು.

“ಕಿವಿ ಹತ್ರ ಇಟ್ಟು ಅಲ್ಲಾಡ್ಸಮ್ಮ.”

ಒಳಗೆ ಟಕಟಕ ಎಂದಿತು.

“ಜೀವ ಐತೆ ಕಣಮ್ಮ ಅದ್ರೊಳಗೆ. ಚೀಲದಲ್ಲೇ ಬಿಟ್ರೆ ಬಿಸಿ ಹತ್ತುತ್ತೆ, ಬೆವರುತ್ತೆ. ಗಾಳಿ ಬೇಕು.”

“ಹಾಗೇ ಇಟ್ಟುಕೊಂಡರೆ ಏನಾಗುತ್ತೆ ಅಕ್ಕ?”

“ಚಿಟ್ಟೆ ತೂತು ಮಾಡ್ಕೊಂಡು ಹೊರಗೆ ಬರುತ್ತೆ. ನೂಲು ಹೋಯ್ತು, ಕಾಸೂ ಹೋಯ್ತು.”

ಆಗ ತಲೆಯೆತ್ತಿ ಇನ್ನೊಮ್ಮೆ ಸೂರು ನೋಡಿದೆ. ಗೂಡು ಉಸಿರಾಡುವುದಕ್ಕೇ ಅಷ್ಟು ಎತ್ತರ, ಅದಕ್ಕೇ ಜಾಲರಿಯ ತಳವೆಲ್ಲ ತಂತಿಯ ಬಲೆ. ಒಂದು ಗೂಡಿನ ಎಳೆ ಬಿಚ್ಚಿದರೆ ನೂರಾರು ಮೀಟರು. ನಡುವೆ ತೂತು ಬಿದ್ದರೆ ಅಷ್ಟೂ ತುಂಡು. ಈ ಕಟ್ಟಡದ ಚೆಲುವು ನನಗೆ ಅಲ್ಲಿ ಕಂಡಿತು. ರಸೆಲ್ ಮಾರುಕಟ್ಟೆಯ ಗೋಪುರಗಳಿಗಿಂತ ಇದೇ ನನಗೆ ಹೆಚ್ಚು.

ಟಿಪ್ಪುವಿನ ಕಾಲದಲ್ಲಿ ಮೈಸೂರು ಸೀಮೆಗೆ ಬಂದ ರೇಷ್ಮೆ, ತುಂಬಿ ಹರಿಯುವ ನದಿಯೊಂದೂ ಇಲ್ಲದ ಈ ಜಿಲ್ಲೆಯಲ್ಲಿ ಬೋರ್‌ವೆಲ್ ನೀರು ಕುಡಿದು ಬದುಕಿದೆ. ಗೂಡಿನ ಮಾರಾಟವನ್ನು ಕಟ್ಟುಪಾಡಿಗೆ ತಂದದ್ದು 1959ರ ರೇಷ್ಮೆ ಕಾಯ್ದೆ. “ಮೊದ್ಲು ಇಲ್ಲೇ ನಿಂತು ಕೂಗ್ತಿದ್ರು, ಈಗ ನೂಲು ಬಿಚ್ಚೋ ರೀಲರ್‌ಗಳು ಮೊಬೈಲಲ್ಲೇ ರೇಟು ಒತ್ತುತಾರೆ” ಎಂದರು ಅಕ್ಕ.

ಮೊದಲ ಸುತ್ತಿನ ಬೆಲೆ ಬಂತು. ಅಕ್ಕ ತಲೆಯಾಡಿಸಿ ಬೇಡವೆಂದರು. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು, ಅವರು ಎಲೆ ಅಡಿಕೆ ಹಾಕಿಕೊಂಡರು. ಎರಡನೇ ಸುತ್ತಿನಲ್ಲಿ ಹದಿನೈದು ರೂಪಾಯಿ ಏರಿತು. “ಸಾಕು, ಕೊಟ್ಬಿಡಾನ.”

ತೂಕವಾಗಿ ಜಾಲರಿ ಖಾಲಿಯಾಯಿತು. ತಂತಿಗೆ ಅಂಟಿದ್ದ ಎಳೆಗಳನ್ನು ಬೆರಳಿಗೆ ಸುತ್ತಿ ತೆಗೆದು, ಚೀಲ ಮಡಚಿ, ಅಕ್ಕ ಬಸ್ಸಿಗೆ ಹೊರಟರು.