ದೊಡ್ಡಪ್ಪನ ಮೂರನೇ ಕೋವಿ

2020ರ ಫೆಬ್ರವರಿ. ಕಾಫಿ ಕೊಯ್ಲು ಮುಗಿದು ಸಕಲೇಶಪುರದ ಕಡೆಯವರೆಲ್ಲ ಹೂಮಳೆಗೆ ಕಾಯುತ್ತಿದ್ದ ಹೊತ್ತು. ದೊಡ್ಡಪ್ಪ ಫೋನ್ ಮಾಡಿ, "ಕೋವಿ ಕೊಡ್ತಿದೀನಿ, ಬಂದು ಬೆಲೆ ಹೇಳು" ಅಂದರು. ಕೋವಿ ಅಂಗಡಿಯೊಂದರಲ್ಲಿ ಆರು ವರ್ಷ ಲೆಕ್ಕ ಬರೆದವನು ನಾನು. ಮನೆಯವರ ಪಾಲಿಗೆ ಅಷ್ಟೇ ಸಾಕಾಗಿತ್ತು.

ಒಬ್ಬರು ಮೂರು ಕೋವಿ ಇಟ್ಟುಕೊಳ್ಳಲು ಇದ್ದ ಅವಕಾಶವನ್ನು ಹಿಂದಿನ ಡಿಸೆಂಬರಿನ ಶಸ್ತ್ರಾಸ್ತ್ರ ಕಾಯ್ದೆ ತಿದ್ದುಪಡಿ ಎರಡಕ್ಕೆ ಇಳಿಸಿತ್ತು. ಬಾಯಿಂದ ಮದ್ದು ತುಂಬುವ ಅಜ್ಜನ ಕೇಪಿನ ಕೋವಿ ಕೊಡಲು ಮನಸ್ಸಿಲ್ಲ, ಜೋಡಿನಳಿಗೆ ತೋಟಕ್ಕೆ ಬೇಕು. ಉಳಿದದ್ದು .315 ರೈಫಲ್. ಪಕ್ಕದ ತೋಟದ ಹುಡುಗ ಲೈಸೆನ್ಸ್ ಹಿಡಿದು ಬಂದೇ ಕೂತಿದ್ದ.

ಕೋಲ್ಕತ್ತದ ಬಳಿಯ ಇಶಾಪುರ ಕಾರ್ಖಾನೆಯ ರೈಫಲ್ ಅದು. ಸೈನ್ಯದ ಲೀ ಎನ್‌ಫೀಲ್ಡ್‌ನದೇ ಬೋಲ್ಟು (ತೋಟಾವನ್ನು ಒಳಗೆ ತಳ್ಳಿ ಹಿಂದಿನಿಂದ ಮುಚ್ಚುವ ಉಕ್ಕಿನ ತುಂಡು), ಅದೇ ಮೈಕಟ್ಟು. ಸೈನ್ಯದ .303 ತೋಟಾ ಜನರ ಕೈಗೆ ಸಿಗಬಾರದೆಂದು ಬ್ರಿಟಿಷರ ಕಾಲದಲ್ಲಿ ಹಿಡಿದ ಬೇರೆ ಅಳತೆಯೇ ಈ .315.

ಟೇಬಲ್ಲಿನ ಮೇಲೆ ಕೋವಿ ಫಳಫಳ ಹೊಳೆಯುತ್ತಿತ್ತು. ಮರಕ್ಕೆ ವಾರ್ನಿಷ್, ಉಕ್ಕಿಗೆ ಹೊಸ ಕಪ್ಪು. "ಹೋದ ವರ್ಷ ಮಾಡಿಸಿದ್ದು" ಎಂದರು ದೊಡ್ಡಪ್ಪ. ಹುಡುಗನ ಕಣ್ಣು ಆ ಹೊಳಪಿನಲ್ಲೇ ನೆಟ್ಟಿತ್ತು. ನನಗೆ ಸಂಕಟವಾಯಿತು. ಕಪ್ಪು ಹಾಕುವ ಮುಂಚೆ ಉಕ್ಕನ್ನು ಚೆನ್ನಾಗಿ ಉಜ್ಜಿದ್ದರು. ಕೊರೆದ ಅಕ್ಷರಗಳ ಅಂಚು ಸವೆದು, ಸೋಪಿನ ಮೇಲಿನ ಹೆಸರಿನ ಹಾಗೆ ಮೆತ್ತಗಾಗಿತ್ತು. ಕೋವಿ ಬಲ್ಲವರು ನಾಲ್ಕು ಗೀರಿರುವ ಹಳೆಯ ಮೈಗೆ ಕೊಡುವ ಬೆಲೆಯನ್ನು ಇಂಥ ಹೊಸ ಬಣ್ಣಕ್ಕೆ ಕೊಡುವುದಿಲ್ಲ.

ತೋಟಾ ತುಂಬಿಡುವ ಮ್ಯಾಗಜೀನ್, ಈಡಿಗೆ ತೋಟಾ ಕೂರುವ ಚೇಂಬರ್ ಎರಡೂ ಖಾಲಿ ಎಂದು ಬೆರಳಿಟ್ಟು ನೋಡಿಕೊಂಡೆ. ಬೋಲ್ಟನ್ನು ಪೂರ್ತಿ ಹಿಂದಕ್ಕೆಳೆದು ಅದರ ತಲೆಯನ್ನು ಮೇಲಕ್ಕೆ ಒತ್ತಿದರೆ ಹೊರಗೆ ಬರುತ್ತದೆ. ಅದರ ಹಿಡಿಯ ಬುಡದ ನಂಬರೂ ಮೈ ಮೇಲಿನ ನಂಬರೂ ಒಂದೇ ಇದ್ದವು. ಸಮಾಧಾನವಾಯಿತು. ಈ ಜಾತಿಯ ಕೋವಿಯಲ್ಲಿ ಬೋಲ್ಟನ್ನು ಅದರದೇ ಮೈಗೆ ಕೂರಿಸಿ ಹೊಂದಿಸಿರುತ್ತಾರೆ. ಬೇರೆಯದರ ಬೋಲ್ಟು ತುರುಕಿದ್ದರೆ ತೋಟಾದ ಹಿಂದೆ ಸಂದು ಎಷ್ಟಿದೆಯೆಂದು ಗೇಜಿಟ್ಟು ನೋಡದೆ ಈಡು ಹೊಡೆಯುವಂತಿಲ್ಲ.

ಆಮೇಲೆ ನಳಿಗೆ. ಒಣಬಟ್ಟೆ ಹಾಯಿಸಿ ಎಣ್ಣೆ ತೆಗೆದೆ; ಎಣ್ಣೆ ಇದ್ದರೆ ಯಾವ ನಳಿಗೆಯೂ ಚೆಂದವೇ ಕಾಣುತ್ತದೆ. ಕಿಟಕಿಯತ್ತ ಹಿಡಿದು ಹಿಂದಿನಿಂದ ನೋಡಿದೆ. ಗುಂಡನ್ನು ತಿರುಗಿಸುವ ಸುರುಳಿ ಗೀರುಗಳು ನಡುವಿನವರೆಗೆ ಚೂಪಾಗಿದ್ದವು. ಚೇಂಬರಿನ ಮುಂದೆ ಮಾತ್ರ ಸಣ್ಣ ಸಣ್ಣ ಕಪ್ಪು ಕುಳಿ. ಹಳೆಯ ತೋಟಾಗಳಲ್ಲಿ ಮದ್ದಿಗೆ ಬೆಂಕಿ ಹೊತ್ತಿಸುವ ಕೇಪಿನ ಉಪ್ಪು ಒಳಗೆ ಉಳಿದರೆ ಗಾಳಿಯ ತೇವ ಹೀರಿ ಉಕ್ಕನ್ನು ತಿನ್ನುತ್ತದೆ. ಎಣ್ಣೆಗೆ ಅದು ಹೋಗುವುದಿಲ್ಲ, ಬಿಸಿನೀರೇ ಬೇಕು. ನಮ್ಮ ಮಳೆಗಾಲಕ್ಕೆ ಒಂದು ರಾತ್ರಿ ಬಿಟ್ಟರೂ ಆಯಿತು.

ನಳಿಗೆಯ ಬಾಯಿಯ ಹತ್ತಿರ ಗೀರುಗಳು ಒಂದು ಪಕ್ಕಕ್ಕೆ ಅಳಿಸಿಹೋಗಿದ್ದವು. "ನಳಿಗೆ ಒರೆಸೋ ಕೋಲು ಎತ್ತಲಿಂದ ಹಾಕ್ತೀರಿ ದೊಡ್ಡಪ್ಪ?"

"ಬಾಯಿಂದ. ಅಪ್ಪ ಕಲಿಸಿದ್ದು ಹಾಗೇ."

ಕೇಪಿನ ಕೋವಿಗೆ ಬೇರೆ ದಾರಿಯೇ ಇಲ್ಲ, ಅಜ್ಜ ಕಲಿಸಿದ್ದು ಅದಕ್ಕೆ. ಬೋಲ್ಟ್ ಕಳಚುವ ರೈಫಲ್ಲಿಗೆ ಹಿಂದಿನಿಂದಲೇ ಕೋಲು ಹಾಕಬಹುದು. ಮೂವತ್ತು ವರ್ಷ ಪ್ರೀತಿಯಿಂದ ತಿಕ್ಕಿದ ಕಬ್ಬಿಣದ ಕೋಲು, ಗುಂಡು ಹೊರಬೀಳುವ ಅಂಚನ್ನೇ ಸವೆಸಿತ್ತು.

ಹುಡುಗನ ಎದುರು ಇದನ್ನು ಹೇಳುವುದೋ ಬೇಡವೋ ಎಂದು ಒಂದು ಗಳಿಗೆ ತಡೆದೆ. ದೊಡ್ಡಪ್ಪನೇ "ಇರೋದನ್ನ ಹೇಳೋ" ಅಂದರು. ಹೇಳಿದೆ. ಹೊರದೇಶದ ಹಳೆಯ ರೈಫಲ್ ಆಗಿದ್ದರೆ ಆಮದು ನಿಂತು ದಶಕಗಳಾದ್ದರಿಂದ ಸವೆದಿದ್ದರೂ ಕೇಳುವವರಿರುತ್ತಿದ್ದರು. ಇಶಾಪುರದ್ದು ಹೊಸದೇ ಸಿಗುವಾಗ ಹಳೆಯದರ ಬೆಲೆ ಅದರ ನಳಿಗೆಯಷ್ಟೇ. ಹೊಸದರ ಅರ್ಧಕ್ಕಿಂತ ತುಸು ಮೇಲೆ ಎಂದೆ. ದೊಡ್ಡಪ್ಪನ ಮನಸ್ಸಿನಲ್ಲಿದ್ದದ್ದಕ್ಕಿಂತ ಬಹಳ ಕಡಿಮೆ. ದೊಡ್ಡಮ್ಮ ಕಾಫಿ ತಂದಿಟ್ಟು ನನ್ನ ಮುಖ ನೋಡದೆ ಒಳಗೆ ಹೋದರು. ಹುಡುಗ ಒಪ್ಪಿದ. ಅವನ ಲೈಸೆನ್ಸಿನಲ್ಲಿ .315 ನಮೂದಾಗಿದ್ದನ್ನು ನೋಡಿಕೊಂಡು ಜಿಲ್ಲಾಧಿಕಾರಿಗೆ ಪತ್ರ ಬರೆದೆವು. ಪತ್ರ ಕೊಟ್ಟು 45 ದಿನ ಕಳೆಯುವವರೆಗೆ ಕೋವಿ ಕೈ ಬದಲಾಗುವಂತಿಲ್ಲ.

ಅಷ್ಟು ದಿನವೂ ಅದು ದೊಡ್ಡಪ್ಪನ ಬೀರುವಿನಲ್ಲೇ ಇತ್ತು. ನಡುವೆ ಒಂದು ಭಾನುವಾರ ಹೋದಾಗ ಜಗುಲಿಯಲ್ಲಿ ಕೂತು ಬೋಲ್ಟ್ ಕಳಚಿಟ್ಟಿದ್ದರು. ಪಕ್ಕದಲ್ಲಿ ಒಂದು ಹಿತ್ತಾಳೆ ಕೋಲು, ಹೊಸದು. ಅದಕ್ಕೆ ಬಟ್ಟೆ ಸುತ್ತಿ, ಹಿಂದಿನಿಂದ ಮೆಲ್ಲಗೆ ತಳ್ಳುತ್ತಿದ್ದರು.